‘ವರ್ಷದ ಗೊಬ್ಬರ’ ಅಂದ ಲೋಡು ತೋಟ ಕೆಡಿಸಿದ್ದು ಹೀಗೆ

ಕೋಲಾರದ ನಮ್ಮ ಬಡಾವಣೆಯಲ್ಲಿ ಈ ಸಲ ಒಂದು ಟ್ರ್ಯಾಕ್ಟರ್ ಲೋಡು ಮೂರ್ನಾಲ್ಕು ಕೈತೋಟಗಳನ್ನು ಕೆಡಿಸಿತು. ಮಾರಿದವರು ಹೇಳಿದ್ದು ‘ವರ್ಷದ ತಿಪ್ಪೆ ಗೊಬ್ಬರ’, ಅಂದರೆ ವರ್ಷವಿಡೀ ಕೊಳೆತು ಮಾಗಿದ್ದು. ಮೇಲೆ ಕಪ್ಪು ಪುಡಿ; ಕೆದಕಿದರೆ ಹಸಿ ಸಗಣಿ, ಕೊಳೆಯದ ರಾಗಿ ಹುಲ್ಲು, ಕೋಳಿ ಫಾರಂ ಹೊಟ್ಟು.

ಟೊಮೆಟೊ ಸಸಿ ನೆಟ್ಟ ವಾರದಲ್ಲೇ ಎಲೆಯಂಚು ಸುಟ್ಟಿತು. ಅದು ಕೋಳಿ ಗೊಬ್ಬರದ ಅಮೋನಿಯ, ಉಪ್ಪಿನಂಶದ ಕೆಲಸ. ಬದುಕಿದ ಗಿಡಗಳಿಗೆ ಕೆಳಗಿನ ಎಲೆಯಿಂದ ಹಳದಿ ಹತ್ತಿತು. ಹುಲ್ಲು, ಹೊಟ್ಟಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಬಾಡಿದ ಬದನೆ ಕಿತ್ತರೆ ಬೇರೇ ಇಲ್ಲ. ಬುಡದಲ್ಲಿ ಕಂದು ತಲೆಯ, ಬೆಳ್ಳಗೆ ಸುರುಟಿಕೊಂಡ ಗೊಣ್ಣೆ ಹುಳು. ಪಾರ್ಥೇನಿಯಂ ಹುಟ್ಟಿದ್ದಂತೂ ಲೆಕ್ಕವಿಲ್ಲ.

ಲೋಡು ಇನ್ನೂ ಟ್ರೈಲರಿನಲ್ಲಿರುವಾಗಲೇ ಪರೀಕ್ಷೆ ಮಾಡಿ, ಸುರಿದ ಮೇಲೆ ಯಾರೂ ತುಂಬಿಕೊಂಡು ಹೋಗುವುದಿಲ್ಲ. ಮೊಣಕೈವರೆಗೆ ಗುದ್ದಲಿ ಇಳಿಸಿ ಒಳಗಿನದನ್ನು ತೆಗೆಸಿ. ಬಿಸಿ ಇದ್ದರೆ, ಮೂಗಿಗೆ ಘಾಟು ಹೊಡೆದರೆ, ಹುಲ್ಲಿನ ಕಡ್ಡಿ ಗುರುತು ಸಿಕ್ಕರೆ ಬೇಡ. ಮಾಗಿದ್ದು ತಣ್ಣಗಿರುತ್ತದೆ, ಪುಡಿಪುಡಿಯಾಗುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ. ಅನುಮಾನವಿದ್ದರೆ ಲೋಡು ಸುರಿಸದೆ ಒಂದು ಹಿಡಿ ಮಾತ್ರ ತೆಗೆದುಕೊಂಡು, ತೇವ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ 3 ದಿನ ಕಟ್ಟಿಡಿ. ಬಿಚ್ಚಿದಾಗ ಹುಳಿ ಅಥವಾ ಕೊಳೆತ ವಾಸನೆ ಬಂದರೆ ಮಾಗಿಲ್ಲ. ಗೊಬ್ಬರ, ಮಣ್ಣು ಸಮ ಬೆರೆಸಿ ಮೂಲಂಗಿ ಬೀಜ ಹಾಕಿ ನೋಡುವುದು ಇನ್ನೂ ಖಚಿತ. ಬರೀ ಮಣ್ಣಿನಲ್ಲಿ ಹುಟ್ಟಿದಷ್ಟು ಹುಟ್ಟಬೇಕು.

ಕೊಂಡಾಗಿದ್ದರೆ ಪಾತಿಗೆ ಮುಟ್ಟಿಸಬೇಡಿ. 4 ಅಡಿ ಅಗಲ, 3 ಅಡಿ ಎತ್ತರದ ಗುಡ್ಡೆ ಮಾಡಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟು ನೀರು ಹಾಕಿ. ಮೇಲೆ ಗೋಣಿಚೀಲ ಹೊದಿಸಿ, 15 ದಿನಕ್ಕೊಮ್ಮೆ ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ತಿರುವಿ. ಮಗುಚುವಾಗ ಕಾಣುವ ಹುಳು ಆರಿಸಿ ಕೋಳಿಗೆ ಹಾಕಿ. 3-4 ತಿಂಗಳಾದ ಮೇಲೆ ಒಂದು ಅಂಗುಲ ದಪ್ಪ ಹರಡಿ, ಮೇಲಿನ 6 ಅಂಗುಲ ಮಣ್ಣಿಗೆ ಬೆರೆಸಿ.

ಈಗಾಗಲೇ ಹಾಕಿಬಿಟ್ಟವರು ಆ ಪಾತಿಯಲ್ಲಿ ಕೊತ್ತಂಬರಿ, ಕ್ಯಾರೆಟ್, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗಳನ್ನು ಇಡಬೇಡಿ. ಹಸಿ ಸಗಣಿಯ ರೋಗಾಣು, ಜಂತುಹುಳದ ಮೊಟ್ಟೆ ಅದಕ್ಕೆ ಅಂಟುತ್ತವೆ. ಬೇಯಿಸಿ ತಿನ್ನುವ ಸೋರೆ, ಹೀರೆಯನ್ನು ಚಪ್ಪರಕ್ಕೆ ಹಬ್ಬಿಸಿದರೆ ಸಾಕು, ಅದೂ ಗೊಬ್ಬರದ ಬಿಸಿ ಪೂರ್ತಿ ಇಳಿದ ಮೇಲೆ.