ಹಳೆಯ ಎಂ3ಗೆ ಕ್ಲಚ್ ಪೆಡಲ್ ಕೂಡಿಸಿದ ಗ್ಯಾರೇಜು

2004ರ ನನ್ನ ಬಿಎಂಡಬ್ಲ್ಯು ಇ46 ಎಂ3 ಕಾರಿನ ಎಸ್‌ಎಂಜಿ (ಕ್ಲಚ್ ಪೆಡಲ್ ಇಲ್ಲದೆ ಗೇರ್ ಬದಲಿಸುವ) ವ್ಯವಸ್ಥೆಯನ್ನು ತೆಗೆದು ಮ್ಯಾನ್ಯುವಲ್‌ಗೆ ಬದಲಾಯಿಸಿಕೊಟ್ಟ ನ್ಯೂಜೆರ್ಸಿಯ ಗ್ಯಾರೇಜಿನ ಕೆಲಸ ನನಗೆ ಮೆಚ್ಚುಗೆಯಾಗಿದೆ. ಎಸ್‌ಎಂಜಿ ಎಂಬುದು ಸಾಮಾನ್ಯ ಆಟೊಮ್ಯಾಟಿಕ್ ಅಲ್ಲ. ಒಳಗಿರುವುದು ಮ್ಯಾನ್ಯುವಲ್ ಮಾದರಿಯಲ್ಲಿ ಬರುವ ಗೆಟ್ರಾಗ್ ಕಂಪನಿಯ ಆರು ಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ಹೈಡ್ರಾಲಿಕ್ ಪಂಪಿನ ಒತ್ತಡದಿಂದ ಮಾಡಿಸಲಾಗುತ್ತದೆ. ಹೀಗಾಗಿ ಬೇರೆ ಗೇರ್‌ಬಾಕ್ಸ್ ಕೊಳ್ಳುವ ಅಗತ್ಯ ಬೀಳಲಿಲ್ಲ.

ಪಂಪನ್ನೂ ಅದರ ಕೊಳವೆಗಳನ್ನೂ ಕಳಚಿ, ಕ್ಲಚ್ ಪೆಡಲ್, ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್, ಗೇರ್ ಲಿವರ್ ಹಾಗೂ ಅದರ ಲಿಂಕೇಜ್ ಇವೆಲ್ಲವನ್ನೂ ಅವರು ಅಚ್ಚುಕಟ್ಟಾಗಿ ಜೋಡಿಸಿದರು. ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುವುದರಿಂದ ಕ್ಲಚ್ ಪ್ಲೇಟನ್ನು ಆಗಲೇ ಹೊಸದಾಗಿ ಹಾಕಿಸಿಕೊಳ್ಳಿ ಎಂಬ ಅವರ ಸಲಹೆಯನ್ನು ಒಪ್ಪಿದ್ದು ಒಳ್ಳೆಯದಾಯಿತು, ಏಕೆಂದರೆ ಹಳೆಯದು ಪೂರ್ತಿ ಸವೆದಿತ್ತು. ನಿಜವಾದ ಪರೀಕ್ಷೆ ಇರುವುದು ಸಾಫ್ಟ್‌ವೇರಿನಲ್ಲಿ: ಎಂಜಿನ್ ಕಂಪ್ಯೂಟರಿಗೆ ಇದು ಮ್ಯಾನ್ಯುವಲ್ ಕಾರೆಂದು ಸರಿಯಾಗಿ ಕೋಡಿಂಗ್ ಮಾಡದಿದ್ದರೆ ಎಚ್ಚರಿಕೆಯ ದೀಪಗಳು ಆರುವುದಿಲ್ಲ. ಅದನ್ನು ಸರಿಯಾಗಿ ಮಾಡಿದವರು ರಿವರ್ಸ್ ದೀಪದ ತಂತಿಯನ್ನು ಮರೆತಿದ್ದರು. ಆ ಲೋಪ ನನಗೆ ಬೇಸರ ತಂದರೂ, ಮರುದಿನವೇ ಹಣ ಕೇಳದೆ ಸರಿಪಡಿಸಿದರು.

ಟ್ರಾಫಿಕ್ಕಿನಲ್ಲಿ ಕಾರು ಮುಗ್ಗರಿಸಿದಂತೆ ಎಳೆಯುತ್ತಿದ್ದುದು ಈಗ ಇಲ್ಲ. 3.2 ಲೀಟರಿನ ಆರು ಸಿಲಿಂಡರ್ ಎಂಜಿನ್ 8000 ಆರ್‌ಪಿಎಂ ಸಮೀಪಿಸುವಾಗ ಮುಂದಿನ ಗೇರನ್ನು ನನ್ನ ಕೈಯಿಂದಲೇ ಹಾಕುವ ಸುಖಕ್ಕೆ ನಾನು ಇಷ್ಟು ವರ್ಷ ಕಾದಿದ್ದೆ.