ಇಂಗ್ಲೆಂಡಿನಿಂದ ಕಾರು ಹಡಗಿಗೆ ಹತ್ತಿಸುವ ಮುಂಚೆ ಇದನ್ನೊಮ್ಮೆ ಓದಿ

ಬ್ರಿಟನ್, ಸಿಂಗಪುರ, ಆಸ್ಟ್ರೇಲಿಯಾ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಊರಿಗೆ ವಾಪಸ್ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆ ಸಾಮಾನು ಸಾಗಿಸುವ ಏಜೆಂಟ್ "ಕಾರನ್ನೂ ಅದೇ ಕಂಟೇನರ್‌ಗೆ ಹಾಕಿಬಿಡೋಣ ಸಾರ್, ಎರಡು ವರ್ಷ ಹೊರದೇಶದಲ್ಲಿ ಇದ್ದವರಿಗೆ ಸುಂಕದ ರಿಯಾಯಿತಿ ಇದೆ" ಅಂದರೆ ಅಲ್ಲೇ ಕೈಮುಗಿದುಬಿಡಿ. ಆ ರಿಯಾಯಿತಿ ನಿಮ್ಮ ಫ್ರಿಜ್ಜಿಗೆ, ಸೋಫಾಕ್ಕೆ, ವಾಷಿಂಗ್ ಮೆಷೀನಿಗೆ. ಪ್ರಯಾಣಿಕರ ಸಾಮಾನಿನ ಲೆಕ್ಕದಲ್ಲಿ ಮೋಟಾರು ವಾಹನ ಬರುವುದಿಲ್ಲ ಎಂದು 1962ರ ಕಸ್ಟಮ್ಸ್ ಕಾಯ್ದೆಯಲ್ಲೇ ಇದೆ.

ನಮ್ಮ ಏಜೆಂಟ್ ಲಂಡನ್ನಿನವನು, ನಮ್ಮ ದೇಶದವನೇ. ಕಂಪನಿ ಹೆಸರು ಇಲ್ಲಿ ಹಾಕುವುದಿಲ್ಲ, ವ್ಯಾಜ್ಯ ನಡೀತಿದೆ. ಅವನು ಇಮೇಲ್‌ನಲ್ಲಿ ಮೂರು ಮಾತು ಬರೆದುಕೊಟ್ಟಿದ್ದ. ಕಾರಿಗೆ ಇನ್ನೂ ಮೂರು ವರ್ಷ ತುಂಬಿಲ್ಲ, ಹಾಗಾಗಿ ತೊಂದರೆಯಿಲ್ಲ. ಯುರೋಪಿನ ಸುರಕ್ಷತೆ ಮತ್ತು ಹೊಗೆ ಸರ್ಟಿಫಿಕೇಟನ್ನು ಭಾರತ 2018ರಿಂದ ಒಪ್ಪುತ್ತಿದೆ. ಮೈಸೂರಿಗೆ ಹೋಗುವವರಿಗೆ ಮುಂಬೈಗಿಂತ ಚೆನ್ನೈ ಹತ್ತಿರ. ಮೂರನೆಯದು ಭೂಪಟದ ಪ್ರಕಾರ ನಿಜ.

ಆದರೆ ಬಳಸಿದ ವಾಹನವನ್ನು ಭಾರತಕ್ಕೆ ಇಳಿಸಲು ಅವಕಾಶ ಇರುವುದು ಮುಂಬೈ ಬಂದರಿನಲ್ಲಿ ಮಾತ್ರ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಲ್ಲಿ, ವಾಹನಗಳ ಕುರಿತ 87ನೇ ಅಧ್ಯಾಯದ ಷರತ್ತುಗಳಲ್ಲಿ, ಇದು ಒಂದೇ ಸಾಲಿನಲ್ಲಿದೆ. ನನ್ನ ಕಂಟೇನರ್ 2024ರ ಡಿಸೆಂಬರ್‌ನಲ್ಲಿ ಹೊರಟಿತು. ಕೆಂಪು ಸಮುದ್ರದ ಗಲಾಟೆಯಿಂದಾಗಿ ಹಡಗು ಆಫ್ರಿಕಾ ಸುತ್ತಿಕೊಂಡು ಫೆಬ್ರವರಿಯಲ್ಲಿ ಚೆನ್ನೈ ಸೇರಿತು. ಸೋಫಾ, ಪಾತ್ರೆ, ಮಕ್ಕಳ ಸೈಕಲ್ಲು ಬಿಡಿಸಿಕೊಂಡೆವು. ಕಾರು ಸಿಎಫ್‌ಎಸ್ ಎಂಬ, ಕಂಟೇನರ್ ಬಿಚ್ಚಿ ಮಾಲು ತಪಾಸಣೆ ಮಾಡುವ ಅಂಗಳದಲ್ಲೇ ಉಳಿಯಿತು.

ಅಲ್ಲಿ ಕಸ್ಟಮ್ಸ್ ಕೆಲಸ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟ್ ಹೊಸೂರಿನವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಕಾಗದ ನೋಡುವ ಮೊದಲು ಕಾರಿನ ಬಾಗಿಲು ತೆಗೆದು, ಡ್ರೈವರ್ ಸೀಟಿನ ಬೆಲ್ಟನ್ನು ಇನ್ನು ಬರಲಾರದು ಅನ್ನುವಷ್ಟು ಎಳೆದರು. ಬುಡದಲ್ಲಿ ಹೊಲಿದಿದ್ದ ಪುಟ್ಟ ಬಿಳಿ ಚೀಟಿಯನ್ನು ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಓದಿ, "ಬೆಲ್ಟ್ 2021ರದ್ದು. ನಿಮ್ಮ ಕಾರು ಯಾವಾಗಿನದು ಅಂದ್ರಿ?" ಅಂದರು.

"2022 ಮಾರ್ಚ್. ಲಾಗ್‌ಬುಕ್ಕಲ್ಲಿದೆ ನೋಡಿ."

"ಅದು ರಿಜಿಸ್ಟ್ರೇಷನ್ ತಾರೀಕು ಸಾರ್. ಕಸ್ಟಮ್ಸಿನವರು ಕೇಳೋದು ಫ್ಯಾಕ್ಟರಿ ತಾರೀಕು."

ವಿಷಯ ಇರುವುದೇ ಇಲ್ಲಿ. ಬಳಸಿದ ಕಾರು ತಯಾರಾದ ದಿನದಿಂದ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಬ್ರಿಟನ್ನಿನಲ್ಲಿ ನಮ್ಮ ಆರ್‌ಸಿಯಂತಿರುವ ವಿ5ಸಿ ಲಾಗ್‌ಬುಕ್‌ನಲ್ಲಿ ಕಾಣುವುದು ಮೊದಲ ನೋಂದಣಿಯ ದಿನ. ನಂಬರ್ ಪ್ಲೇಟಿನ ನಡುವಿನ '22' ಕೂಡ ಹೇಳುವುದು ಅದನ್ನೇ. ನಮ್ಮ ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಇದ್ದೇ ಇರುವುದರಿಂದ ಈ ವ್ಯತ್ಯಾಸ ನಮಗೆ ಹೊಳೆಯುವುದೇ ಇಲ್ಲ. ತಯಾರಕರಿಗೆ ಚಾಸಿಸ್ ನಂಬರ್ ಕೊಟ್ಟು ಪತ್ರ ತರಿಸಿದಾಗ ಬಂದ ಉತ್ತರ: ಆಗಸ್ಟ್ 2021. ಆ ವರ್ಷ ಜಗತ್ತಿನಾದ್ಯಂತ ಚಿಪ್ ಕೊರತೆಯಿತ್ತು, ಕಂಪನಿಗಳು ಅರೆಬರೆ ಕಾರುಗಳನ್ನು ಮೈದಾನಗಳಲ್ಲಿ ನಿಲ್ಲಿಸಿಕೊಂಡಿದ್ದವು. ನನ್ನದೂ ಅಂಥದ್ದೇ ಇರಬಹುದು. ಅಂತೂ ಇಂಗ್ಲೆಂಡ್ ಬಿಡುವ ಹೊತ್ತಿಗೇ ಅದಕ್ಕೆ ಮೂರು ವರ್ಷ ದಾಟಿತ್ತು. ಹಡಗು ಎಷ್ಟೇ ಬೇಗ ಬಂದಿದ್ದರೂ, ಮುಂಬೈಗೇ ಬಂದಿದ್ದರೂ ಪ್ರಯೋಜನವಿರಲಿಲ್ಲ.

ಇನ್ನು ಆ 2018ರ ಮಾತು. ಪೂರ್ತಿ ಸುಳ್ಳಾಗಿದ್ದರೆ ಹಿಡಿಯಬಹುದಿತ್ತು. ಅರ್ಧ ನಿಜ ಬೆರೆಸಿದ ಸುಳ್ಳು ಅದು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಇಲ್ಲಿ ಮಾರುವ ಪ್ರತಿ ಮಾದರಿಯೂ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಪಾಸಾಗಬೇಕು. ಇದಕ್ಕೇ ಹೋಮೋಲೊಗೇಷನ್ ಅನ್ನುವುದು. 2018ರಲ್ಲಿ ಸರ್ಕಾರ ಇದನ್ನು ಕೊಂಚ ಸಡಿಲಿಸಿದ್ದು ನಿಜ. ಆದರೆ ಅದು ವರ್ಷಕ್ಕೆ 2,500 ಕಾರುಗಳ ಮಿತಿಯೊಳಗೆ, ಹೊಸ ಗಾಡಿಗಳನ್ನು ತರಿಸುವ ತಯಾರಕರಿಗೆ ಮತ್ತು ಅವರ ಅಧಿಕೃತ ಪ್ರತಿನಿಧಿಗಳಿಗೆ. ಬಲಗಡೆ ಸ್ಟಿಯರಿಂಗ್ ಇರುವ ದುಬಾರಿ ಮಾದರಿಗಳನ್ನು ಸ್ವಲ್ಪ ಸಂಖ್ಯೆಯಲ್ಲಿ ತರಲಿ ಎಂದು ಮಾಡಿದ್ದು. ನಾನು ಮಗಳನ್ನು ಶಾಲೆಗೆ ಬಿಡುತ್ತಿದ್ದ ಕಾರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಬಳಸಿದ ಕಾರಿನ ದಾರಿಯೇ ಬೇರೆ, ಅದು ಶುರುವಾಗುವುದು ಹೊರದೇಶದಿಂದಲೇ. ಹಡಗು ಹತ್ತುವ ಮುಂಚೆ ಅಧಿಸೂಚಿತ ಪರೀಕ್ಷಾ ಸಂಸ್ಥೆಯಿಂದ ಕಾರನ್ನು ಪರೀಕ್ಷೆ ಮಾಡಿಸಿ, ಇದು ಭಾರತದ ಮೋಟಾರು ವಾಹನ ಕಾಯ್ದೆ ಮತ್ತು ನಿಯಮಗಳಿಗೆ ಸರಿಯಾಗಿದೆ ಎಂಬ ಸರ್ಟಿಫಿಕೇಟ್ ಪಡೆದಿರಬೇಕು. ತಯಾರಾದಾಗ ಸಿಕ್ಕ ಮೂಲ ಅನುಮೋದನೆಗೆ ಇವತ್ತಿಗೂ ತಕ್ಕಂತಿದೆ ಎಂಬ ಇನ್ನೊಂದು ಕಾಗದ ಬೇಕು. ಇಳಿದ ಮೇಲೆ ಬಿಡುಗಡೆಗೆ ಮುಂಚೆ ಇಲ್ಲಿ ಮತ್ತೆ ಪರೀಕ್ಷೆ. ಜೊತೆಗೆ, ಆಮದಾದ ದಿನದಿಂದ ಐದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯ, ಅಷ್ಟು ಕಾಲ ದೇಶದೊಳಗೆ ಸರ್ವಿಸ್ ಸಿಗುತ್ತದೆ ಎಂಬ ಭರವಸೆಯನ್ನೂ ನೀವೇ ಕೊಡಬೇಕು. ಆ ಮಾದರಿ ಇಲ್ಲಿ ಮಾರಾಟವೇ ಆಗದಿದ್ದರೆ ಸರ್ವಿಸ್ ಮಾಡುವವರು ಯಾರು? ಇದನ್ನು ನಾನು ಏಜೆಂಟನಿಗೆ ಫೋನಿನಲ್ಲಿ ಕೇಳಿದಾಗ, "ಅದೆಲ್ಲ ಬರೀ ಫಾರ್ಮಾಲಿಟಿ" ಅಂದ. ಹಡಗಿನ ಬಾಡಿಗೆ ಆಗಲೇ ಅವನ ಕೈ ಸೇರಿತ್ತು.

ಹೊಗೆಯ ವಿಚಾರದಲ್ಲಿ ನನಗೆ ಭಾರೀ ಧೈರ್ಯವಿತ್ತು. ಕಾರು ಯುರೋಪಿನ ಹೊಗೆ ಮಿತಿಯಾದ ಯೂರೋ 6ರದ್ದು, ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್6, ಎರಡೂ ಹೆಚ್ಚುಕಡಿಮೆ ಒಂದೇ ತಾನೇ ಎಂದು. ಮಿತಿಗಳು ಹತ್ತಿರ ಹತ್ತಿರ ಇದ್ದರೂ ಅಳೆಯುವ ಕ್ರಮ ಒಂದೇ ಅಲ್ಲ. ನನ್ನ ಕಾರು ಪಾಸಾಗಿದ್ದು ಯುರೋಪಿನ ಹೊಸ ಪರೀಕ್ಷಾ ಕ್ರಮದಲ್ಲಿ. ಬಿಎಸ್6ಗೆ ಇಟ್ಟುಕೊಂಡದ್ದು ಗಂಟೆಗೆ 90 ಕಿಲೋಮೀಟರ್ ದಾಟದ ಭಾರತೀಯ ಪರೀಕ್ಷಾ ಓಟದ ಲೆಕ್ಕ. ಹೊಗೆ ಕಡಿಮೆ ಇದ್ದರೆ ಸಾಲದು, ಕಡಿಮೆ ಇದೆ ಎಂದು ಹೇಳಬೇಕಾದವರು ಹೇಳಿರಬೇಕು.

ಸುರಕ್ಷತೆಯಲ್ಲೂ ಇಂಥದ್ದೇ ಎಡವಟ್ಟುಗಳು. 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೀಂಯ್‌ಗುಟ್ಟುವ ಶಬ್ದ ಗೊತ್ತಲ್ಲ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಎಲ್ಲರ ತಲೆ ತಿನ್ನುವಂಥದ್ದು? 2019ರ ಜುಲೈಯಿಂದ ಇಲ್ಲಿ ತಯಾರಾಗುವ ಕಾರುಗಳಿಗೆ ಅದು ಕಡ್ಡಾಯ. ಇಂಗ್ಲೆಂಡಿನ ಕಾರಿನಲ್ಲಿ ಅದಿಲ್ಲ. ಹೆಡ್‌ಲ್ಯಾಂಪ್ ಎಡಬದಿ ಸಂಚಾರಕ್ಕೆ ಹೊಂದುವಂತಿರಬೇಕು. ಅಲ್ಲೂ ಎಡಕ್ಕೇ ಓಡಿಸುವುದರಿಂದ ಅಷ್ಟು ಬಚಾವ್. ಸ್ಪೀಡೋಮೀಟರ್ ಕಿಲೋಮೀಟರ್ ತೋರಿಸಬೇಕು. ನನ್ನದು ಡಿಜಿಟಲ್ ಆಗಿದ್ದರಿಂದ ಮೆನುವಿನಲ್ಲಿ ಮೈಲಿ ತೆಗೆದು ಕಿಲೋಮೀಟರ್ ಹಾಕಿದೆ. ಇಡೀ ರಾಮಾಯಣದಲ್ಲಿ ನನ್ನ ಕೈಯಿಂದ ಸರಿಯಾದದ್ದು ಅದೊಂದೇ.

ಆಮೇಲಿನದು ದುಡ್ಡಿನ ಕಥೆ. ಷರತ್ತು ಮೀರಿ ಬಂದ ಮಾಲನ್ನು ಕಸ್ಟಮ್ಸ್ ಕಾಯ್ದೆಯ 111ನೇ ಕಲಮಿನಡಿ ಮುಟ್ಟುಗೋಲು ಹಾಕಬಹುದು. 125ನೇ ಕಲಮಿನಡಿ ಅದರ ಬದಲಿಗೆ ದಂಡ ಕಟ್ಟಿಸಿಕೊಂಡು ಬಿಡಬಹುದು. "ದಂಡ ಕಟ್ಟಿ ಇಲ್ಲೇ ಇಟ್ಟುಕೊಳ್ಳೋಣವಾ?" ಎಂದು ಕೇಳಿದ್ದಕ್ಕೆ ಹೊಸೂರಿನವರು ತಲೆ ಅಲ್ಲಾಡಿಸಿದರು. ದಂಡದ ಮೇಲೆ ಸುಂಕ ಬೇರೆ, ಬಳಸಿದ ಕಾರಿನ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಅಷ್ಟೆಲ್ಲ ಕಟ್ಟಿದರೂ ಪರೀಕ್ಷಾ ಸರ್ಟಿಫಿಕೇಟ್ ಇಲ್ಲದೆ ಆರ್‌ಟಿಒದಲ್ಲಿ ನಂಬರ್ ಸಿಗುವುದಿಲ್ಲ. "ಕಸ್ಟಮ್ಸ್ ಬಿಟ್ಟರೂ ರೋಡ್ ಬಿಡಲ್ಲ ಸಾರ್" ಅಂದರು. ಈ ಲೆಕ್ಕ ನಡೆಯುತ್ತಿದ್ದಾಗಲೆಲ್ಲ ಅಂಗಳದ ಬಾಡಿಗೆ, ಕಂಟೇನರ್ ಹಿಂದಿರುಗಿಸಲು ತಡವಾದದ್ದಕ್ಕೆ ಹಡಗು ಕಂಪನಿ ಹಾಕುವ ಡಿಟೆನ್ಷನ್ ಶುಲ್ಕ ದಿನದ ಲೆಕ್ಕದಲ್ಲಿ ಏರುತ್ತಲೇ ಇತ್ತು. ಕೊನೆಗೆ ದಂಡ ಕಟ್ಟಿ, ವಾಪಸ್ ಕಳಿಸುವ ಅನುಮತಿ ಪಡೆದು, ಬಂದ ದಾರಿಯಲ್ಲೇ ಕಾರನ್ನು ಇಂಗ್ಲೆಂಡಿಗೆ ಕಳಿಸಿದೆ. ಅಲ್ಲಿ ಸ್ನೇಹಿತನೊಬ್ಬ ಸಿಕ್ಕಷ್ಟಕ್ಕೆ ಮಾರಿಸಿಕೊಟ್ಟ. ಹೊರಡುವ ಮುಂಚೆ ಮಾರಿದ್ದರೆ ಆ ದುಡ್ಡಲ್ಲಿ ಇಲ್ಲೊಂದು ಹೊಸ ಕಾರು ಬರುತ್ತಿತ್ತು.

ನಿಯಮಗಳ ಮೇಲೆ ನನಗೆ ಸಿಟ್ಟಿಲ್ಲ. ಬಾಗಿಲು ತೆರೆದಿಟ್ಟರೆ ಬೇರೆ ದೇಶಗಳು ಬೇಡವೆಂದ ಹಳೇ ಗಾಡಿಗಳೆಲ್ಲ ನಮ್ಮ ಬಂದರಿಗೆ ಬಂದು ಬೀಳುತ್ತವೆ, ಗೊತ್ತು. ಆದರೆ ವಾಪಸ್ ಬರುವವರಿಗಾಗಿ ಇಷ್ಟನ್ನು ಒಂದೇ ಪುಟದಲ್ಲಿ, ತಿಳಿಯುವ ಭಾಷೆಯಲ್ಲಿ ಬರೆದಿಡುವುದು ಸರ್ಕಾರಕ್ಕೆ ಕಷ್ಟದ ಕೆಲಸವೇನಲ್ಲ.

ದುಬೈ, ಮಸ್ಕತ್, ದೋಹಾದಲ್ಲಿರುವ ಮಂಗಳೂರು, ಉಡುಪಿ, ಭಟ್ಕಳದವರು ಇಷ್ಟೆಲ್ಲ ಓದಬೇಕಾಗಿಯೂ ಇಲ್ಲ. ಅಲ್ಲಿನ ಕಾರುಗಳಿಗೆ ಎಡಗಡೆ ಸ್ಟಿಯರಿಂಗ್. ಬಳಸಿದ ಕಾರಿಗೆ ಬಲಗಡೆಯದೇ ಇರಬೇಕೆಂಬುದು ಮೊದಲ ಷರತ್ತು. ಅಮೆರಿಕದವರಿಗೂ ಅಷ್ಟೆ. ಊರಿನ ರಸ್ತೆಯಲ್ಲಿ ಆಗಾಗ ಕಾಣುವ ಕೊಲ್ಲಿ ನಂಬರ್ ಪ್ಲೇಟಿನ ಗಾಡಿಗಳನ್ನು ನೋಡಿ ಆಸೆಪಡಬೇಡಿ. ಅವು ಕಾರ್ನೆ ಎಂಬ ತಾತ್ಕಾಲಿಕ ಪರವಾನಗಿಯಲ್ಲಿ ಬಂದಂಥವು, ಅವಧಿಯೊಳಗೆ ದೇಶ ಬಿಟ್ಟು ಹೋಗಲೇಬೇಕು. ಅಂಥ ಗಾಡಿಯನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಮಾತು ಮುಂದುವರಿಸಲೂ ಹೋಗಬೇಡಿ.

ಇಷ್ಟಾದ ಮೇಲೂ ತರಲೇಬೇಕು ಅನ್ನುವವರು ತಯಾರಿಕೆಯ ತಿಂಗಳನ್ನು ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ಹಡಗಿಗೆ ಮುಂಚಿನ ಪರೀಕ್ಷೆಯನ್ನು ಯಾವ ಸಂಸ್ಥೆ ಮಾಡುತ್ತದೆ, ಅದು ಭಾರತ ಸರ್ಕಾರ ಅಧಿಸೂಚಿಸಿದ ಪಟ್ಟಿಯಲ್ಲಿದೆಯೇ ಎಂದು ಏಜೆಂಟನನ್ನು ಕೇಳಿ. ತಡವರಿಸಿದರೆ ಅಡ್ವಾನ್ಸ್ ಕೊಡಬೇಡಿ. ಮುಂಬೈಯ ಕ್ಲಿಯರಿಂಗ್ ಏಜೆಂಟ್ ಒಬ್ಬರಿಗೆ ನೀವೇ ಫೋನ್ ಮಾಡಿ, ಸಲಹೆಗೆ ಶುಲ್ಕ ಕೇಳಿದರೆ ಕೊಟ್ಟುಬಿಡಿ.

ನನ್ನ ಏಜೆಂಟನ ಮೇಲೆ ಇಂಗ್ಲೆಂಡಿನ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ದಾವೆ ಹಾಕಿದ್ದೇನೆ. ಅಲ್ಲಿ 10,000 ಪೌಂಡಿನವರೆಗೆ ವಕೀಲರಿಲ್ಲದೆಯೂ ಕೇಳಬಹುದು. ಅವನು ಫೋನಿನಲ್ಲಿ ಹೇಳಿದ್ದೆಲ್ಲವನ್ನೂ ಈಗ ಅಲ್ಲಗಳೆಯುತ್ತಿದ್ದಾನೆ. ನನ್ನ ಬಳಿ ಉಳಿದಿರುವುದು ಆ ಮೂರು ಮಾತಿನ ಇಮೇಲ್, ದಾವೆ ನಿಂತಿರುವುದೂ ಅದರ ಮೇಲೆಯೇ.