ದಿಂಬಾ ಮಂಚವಾ, ಬಟ್ಟೆಯಾ ಬ್ರಷ್ಷಾ: ಪೈಪಿನಲ್ಲಿ ಊಟ ಮಾಡುವವರ ಎದೆಗೆ ಕಫ ಕಟ್ಟದಂತೆ ನಾನು ಮಾಡಿ ನೋಡಿದ್ದು

ನಮ್ಮತ್ತೆಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಸ್ವಾಧೀನ ತಪ್ಪಿತು, ನುಂಗಲೂ ಆಗದೆ ಮೂಗಿಗೆ ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ಪೈಪ್, ಹಾಕಿ ಮನೆಗೆ ಕಳಿಸಿದರು. ನಮ್ಮದು ಸೋಮವಾರಪೇಟೆ ಕಡೆಯ ತೋಟದ ಮನೆ. ಪೈಪ್ ಇದೆಯಲ್ಲ, ಇನ್ನೇನೂ ನೆತ್ತಿಗೆ ಹತ್ತಲ್ಲ ಅಂದುಕೊಂಡಿದ್ದೆ. ಎರಡನೇ ತಿಂಗಳಲ್ಲೇ ನ್ಯುಮೋನಿಯಾ ಬಂತು, ಮತ್ತೆ 9 ದಿನ ಆಸ್ಪತ್ರೆ. ಪೈಪ್ ಊಟವನ್ನು ಹೊಟ್ಟೆಗೆ ಮುಟ್ಟಿಸುತ್ತದೆ ಅಷ್ಟೇ. ಬಾಯಿಯ ಜೊಲ್ಲು ಎದೆಗೆ ಇಳಿಯುವುದನ್ನು, ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಹೋಗುವುದನ್ನು ಅದು ತಡೆಯಲ್ಲ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ.

ಮೊದಲು ದಿಂಬು. ಮೂರು ದಿಂಬು ಒಟ್ಟಿ ಕೂರಿಸಿದರೆ ನೋಡಲು ಚೆನ್ನಾಗಿಯೇ ಕಾಣುತ್ತಿತ್ತು. ಫೀಡ್ (ಪೈಪಿನ ಊಟ) ಮುಗಿಯುವಷ್ಟರಲ್ಲಿ ಅತ್ತೆ ಕೆಳಕ್ಕೆ ಜಾರಿ, ಗಲ್ಲ ಎದೆಗೆ ಒತ್ತಿ, ಹೊಟ್ಟೆ ಮಡಚಿಕೊಂಡಿರುತ್ತಿತ್ತು. ಹೊಟ್ಟೆ ಒತ್ತಿದರೆ ಗಂಜಿ ಮೇಲಕ್ಕೆ ಬರದೆ ಇನ್ನೆಲ್ಲಿಗೆ ಹೋಗುತ್ತೆ? ಆಮೇಲೆ ಹ್ಯಾಂಡಲ್ ತಿರುಗಿಸುವ ಆಸ್ಪತ್ರೆ ಮಂಚವನ್ನು ಬಾಡಿಗೆಗೆ ತಂದೆವು. ಇದರಲ್ಲಿ ಒಂದು ಗುಟ್ಟಿದೆ: ಮೊದಲು ಮಂಡಿಯ ಭಾಗವನ್ನು ಸ್ವಲ್ಪ ಎತ್ತಿ, ಆಮೇಲೆ ತಲೆಯ ಭಾಗ ಎತ್ತಬೇಕು, ಆಗ ಜಾರಲ್ಲ. 30ರಿಂದ 45 ಡಿಗ್ರಿ ಇರಲಿ ಅಂತ ಡಾಕ್ಟರ್ ಹೇಳಿದ್ದರು. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ 45 ಸಿಗುತ್ತದೆ, ಅದನ್ನೇ ಮಂಚದ ಪಕ್ಕ ಹಿಡಿದು ನೋಡಿ ಗೋಡೆಗೆ ಗುರುತು ಹಾಕಿದೆ. ಫೀಡ್ ಮುಗಿದ ಮೇಲೂ ಒಂದು ಗಂಟೆ ಹಾಗೇ ಇರಬೇಕು. ಮೋಟಾರಿನ ಮಂಚವೂ ಸಿಗುತ್ತಿತ್ತು, ಆದರೆ ಜುಲೈ ಮಳೆಯಲ್ಲಿ ನಮ್ಮಲ್ಲಿ ಮೂರು ನಾಲ್ಕು ದಿನ ಕರೆಂಟ್ ಇರಲ್ಲ. ಕೈಮಂಚವೇ ಒಳ್ಳೆಯದಾಯಿತು.

ಪೈಪಿಗೆ ಊಟ ಹಾಕುವ ಸಿರಿಂಜಿನ ವಿಷಯದಲ್ಲಿ ನನ್ನದೇ ತಪ್ಪು. ಕೆಲಸ ಬೇಗ ಮುಗಿಯಲಿ ಅಂತ ಪಿಸ್ಟನ್ ಒತ್ತಿ ಐದು ನಿಮಿಷದಲ್ಲಿ 200 ಎಂಎಲ್ ಇಳಿಸುತ್ತಿದ್ದೆ. ಈಗ ಪಿಸ್ಟನ್ ತೆಗೆದು, ಬರೀ ಸಿರಿಂಜನ್ನು ಎತ್ತಿ ಹಿಡಿದು, ತಾನಾಗೇ ಇಳಿಯಲು ಬಿಡುತ್ತೇನೆ. 20 ನಿಮಿಷ ಹಿಡಿಯುತ್ತದೆ, ಕೈ ನೋಯುತ್ತದೆ, ಆದರೆ ಅತ್ತೆಗೆ ತೇಗು, ಓಕರಿಕೆ ಎರಡೂ ಕಡಿಮೆಯಾಯಿತು. ಪ್ರತಿ ಸಲ ಶುರು ಮಾಡುವ ಮುಂಚೆ ಪೈಪಿನ ಮೇಲೆ ಮೂಗಿನ ಹತ್ತಿರ ಹಾಕಿದ ಪೆನ್ನಿನ ಗುರುತು ನೋಡಿ. ಅದು ಸರಿದಿದ್ದರೆ ನರ್ಸಮ್ಮ ಬಂದು ನೋಡುವ ತನಕ ಒಂದು ಹನಿಯೂ ಬೇಡ.

ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡಿದ್ದು ಬಾಯಿ ತೊಳೆಯುವುದು ಅಂತ ನನಗನಿಸುತ್ತದೆ. ಬಾಯಲ್ಲಿ ತಿನ್ನುವುದೇ ಇಲ್ಲ, ಗಲೀಜು ಎಲ್ಲಿಂದ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುತ್ತಿದ್ದೆ. ಒಂದು ದಿನ ಟಾರ್ಚ್ ಹಾಕಿ ನೋಡಿದರೆ ಅಂಗುಳದಲ್ಲಿ ಒಣಗಿದ ಕಂದು ಹೊಪ್ಪಳೆ, ಬಲಗೆನ್ನೆಯ ಒಳಗೆ ಹಳದಿ ಲೋಳೆ. ಆ ಕಡೆ ಸ್ಪರ್ಶವೇ ಇಲ್ಲ, ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು? ಆ ಲೋಳೆಯ ರೋಗಾಣುಗಳೇ ಜೊಲ್ಲಿನ ಜೊತೆ ಎದೆಗೆ ಇಳಿಯುವುದು. ಈಗ ಪಕ್ಕಕ್ಕೆ ಮಲಗಿಸಿ, ಮಕ್ಕಳ ಮೆತ್ತನೆಯ ಬ್ರಷ್ಷಿನಲ್ಲಿ, ಬಟಾಣಿಗಿಂತ ಕಡಿಮೆ ಪೇಸ್ಟ್ ಹಾಕಿ ದಿನಕ್ಕೆ ಮೂರು ಸಲ ಹಲ್ಲು, ನಾಲಗೆ, ಕೆನ್ನೆ ಉಜ್ಜುತ್ತೇನೆ. ಬಟ್ಟೆ ಸುತ್ತಿದ ಬೆರಳಿನಿಂದ ನೀರು, ನೊರೆ ಎಲ್ಲ ಹೊರಗೆ ತೆಗೆಯುತ್ತೇನೆ. ಇದನ್ನು ಫೀಡ್‌ಗೆ ಮುಂಚೆಯೇ ಮಾಡಬೇಕು, ತುಂಬಿದ ಹೊಟ್ಟೆಯಲ್ಲಿ ಬೇಡ.

ಮುಂಚಿತವಾಗಿ ಆಂಟಿಬಯಾಟಿಕ್ ಕೊಟ್ಟರೆ ಸಾಕಲ್ವಾ ಅಂತ ನಮ್ಮ ಮೈದುನ ಕೇಳಿದ್ದ. ಡಾಕ್ಟರ್ ಒಪ್ಪಲಿಲ್ಲ. ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಟ್ರೋಕ್ ಆದವರಿಗೆ ಹಾಗೆ ಕೊಟ್ಟು ನೋಡಿದ ಎರಡು ದೊಡ್ಡ ಅಧ್ಯಯನಗಳು 2015ರಲ್ಲಿ ಬಂದವು, ಎರಡರಲ್ಲೂ ನ್ಯುಮೋನಿಯಾ ತಪ್ಪಲಿಲ್ಲ.

ಈಗ 8 ತಿಂಗಳಾಯಿತು, ಎದೆ ಶುದ್ಧವಾಗಿದೆ. ಇದು ಒಬ್ಬ ಅತ್ತೆಯ ಕಥೆ, ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ. ಫೀಡ್ ಕೊಡುವಾಗ ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ. ಉಸಿರು ಜೋರಾದರೆ, ಗಂಟಲಲ್ಲಿ ಗೊರಗೊರ ಅಂದರೆ, ಎಂದಿಗಿಂತ ಮಂಕಾದರೆ, ಜ್ವರ ಇಲ್ಲದಿದ್ದರೂ ಗಾಡಿ ತೆಗೆಯಿರಿ. ವಯಸ್ಸಾದವರಿಗೆ ಎಷ್ಟೋ ಸಲ ಜ್ವರ ಬರುವುದೇ ಇಲ್ಲ. ಮಳೆ ನಿಲ್ಲಲಿ ಅಂತ ನಾವು ಒಂದು ರಾತ್ರಿ ಕಾದಿದ್ದೆವು, ನೀವು ಕಾಯಬೇಡಿ.